ಹಾರ್ಡ್ ರಾಕ್ ಕವರ್ ಬ್ಯಾಂಡ್‌ಗೆ ನಲವತ್ತು ಸಾವಿರದ ಆಸುಪಾಸಿನ ಗಿಟಾರ್: ಮೂರು ವಾದ್ಯಗಳ ವಿಮರ್ಶೆ

ಸ್ವಂತ ಹಾಡು ಕಟ್ಟುವ ಬ್ಯಾಂಡಿನ ಗಿಟಾರ್ ವಾದಕನಿಗಿರುವ ಒಂದು ಅನುಕೂಲ ಕವರ್ ಬ್ಯಾಂಡಿನವನಿಗೆ ಇಲ್ಲ. ಸ್ವಂತ ಹಾಡು ಕಟ್ಟುವವನು ತನ್ನ ಕೈಯಲ್ಲಿರುವ ವಾದ್ಯಕ್ಕೆ ಒಪ್ಪುವಂತೆ ಹಾಡನ್ನು ಹೊಸೆಯಬಹುದು. ಕವರ್ ನುಡಿಸುವವನಾದರೋ, ಬೇರೆ ಬೇರೆ ಕಲಾವಿದರು ಬೇರೆ ಬೇರೆ ಗಿಟಾರ್‌ಗಳಲ್ಲಿ, ಬೇರೆ ಬೇರೆ ಶ್ರುತಿಯಲ್ಲಿ ನುಡಿಸಿದ್ದನ್ನು ಒಂದೇ ಸಂಜೆ, ಒಂದೇ ವಾದ್ಯದಲ್ಲಿ, ಕೇಳುಗರ ನೆನಪಿನಲ್ಲಿರುವಂತೆಯೇ ನುಡಿಸಬೇಕು. ಡೀಪ್ ಪರ್ಪಲ್‌ನ ರಿಚೀ ಬ್ಲ್ಯಾಕ್‌ಮೋರ್ ಎಪ್ಪತ್ತರ ದಶಕದಲ್ಲಿ ಬಳಸಿದ್ದು ಸ್ಟ್ರಾಟೋಕಾಸ್ಟರ್; ಎಸಿ/ಡಿಸಿಯ ಆ್ಯಂಗಸ್ ಯಂಗ್ ಅವರದು ಗಿಬ್ಸನ್ ಎಸ್‌ಜಿ; ಗನ್ಸ್ ಎನ್ ರೋಸಸ್‌ನ ಸ್ಲ್ಯಾಶ್ ಅವರದು ಲೆಸ್ ಪಾಲ್ ಮಾದರಿ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ಮತ್ತು 2011ರಲ್ಲಿ ಮೆಟಾಲಿಕಾ ನುಡಿಸಿದ್ದನ್ನು ಕೇಳಿದವರು ಇರುವ ಬೆಂಗಳೂರಿನಲ್ಲಿ, ಪಬ್ಬಿನ ಮುಂದಿನ ಮೇಜಿನಲ್ಲಿ ಕುಳಿತವರಿಗೆ ಇವುಗಳ ನಾದದ ವ್ಯತ್ಯಾಸ ಗೊತ್ತಾಗುವುದಿಲ್ಲವೆಂದು ಭಾವಿಸುವಂತಿಲ್ಲ.

ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಮತ್ತು ಸದ್ದಿನ ಬಗೆ ಬದಲಿಸುವ ಪೆಡಲ್‌ಗಳ ಖರ್ಚನ್ನು ಬಿಟ್ಟು ಗಿಟಾರಿಗೆಂದೇ ಸುಮಾರು ನಲವತ್ತು ಸಾವಿರ ರೂಪಾಯಿ ತೆಗೆದಿಟ್ಟಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಮೂರು ವಾದ್ಯಗಳನ್ನು ಪರಿಶೀಲಿಸಿದ್ದೇನೆ: ಯಮಹಾ ಪೆಸಿಫಿಕಾ 112ವಿ, ಐಬನೆಜ್ ಜಿಆರ್‌ಜಿ121ಡಿಎಕ್ಸ್ ಮತ್ತು ಎಪಿಫೋನ್ ಲೆಸ್ ಪಾಲ್ ಸ್ಟುಡಿಯೋ. ಮೂರನೆಯದು ಹೊಸದಾದರೆ ಈ ಮಿತಿಯನ್ನು ದಾಟುತ್ತದೆ. ಬಳಸಿದ್ದನ್ನು ಕೊಳ್ಳಲು ಸಿದ್ಧರಿದ್ದವರಿಗೆ ಮಾತ್ರ ಎಟುಕುತ್ತದೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಡಿನಲ್ಲಿ ಒಬ್ಬರೇ ಗಿಟಾರ್ ವಾದಕರಿದ್ದರೆ ಪೆಸಿಫಿಕಾ ಕೊಳ್ಳಬೇಕು. ಇಬ್ಬರಿದ್ದು, ನಿಮ್ಮ ಪಾಲಿಗೆ ಭಾರವಾದ ರಿಫ್‌ಗಳೇ (ಮರುಕಳಿಸುವ ಸ್ವರಗುಚ್ಛಗಳು) ಹೆಚ್ಚಾಗಿ ಬರುವುದಾದರೆ ಐಬನೆಜ್ ಸಾಕು.

ಈ ತೀರ್ಪಿಗೆ ನಾನು ಬಳಸಿದ ಅಳತೆಗೋಲು ನಾದವಲ್ಲ, ಶ್ರುತಿ. ಹಾರ್ಡ್ ರಾಕ್ ಸೆಟ್‌ಲಿಸ್ಟ್ ಒಂದನ್ನು ಬಿಡಿಸಿ ನೋಡಿದರೆ ಕನಿಷ್ಠ ಮೂರು ಶ್ರುತಿಗಳು ಸಿಗುತ್ತವೆ. ಎಸಿ/ಡಿಸಿಯ ಹೆಚ್ಚಿನ ಹಾಡುಗಳು ಸಾಮಾನ್ಯ ಇ ಶ್ರುತಿಯಲ್ಲಿವೆ. ಗನ್ಸ್ ಎನ್ ರೋಸಸ್ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಇ ಫ್ಲಾಟ್‌ನಲ್ಲಿ ನುಡಿಸುತ್ತದೆ. ತೊಂಬತ್ತರ ದಶಕದ ಕಡೆಗೆ ಬಂದರೆ ದಪ್ಪ ತಂತಿಯೊಂದನ್ನೇ ಡಿ ಸ್ವರಕ್ಕೆ ಇಳಿಸುವ ಡ್ರಾಪ್ ಡಿ ಬೇಕಾಗುತ್ತದೆ. ಎರಡನೇ ಗಿಟಾರನ್ನು ಹೊತ್ತು ತರಲಾಗದ ಬ್ಯಾಂಡು ಹಾಡು ಹಾಡಿನ ನಡುವೆ, ಗಾಯಕರು ಪ್ರೇಕ್ಷಕರೊಂದಿಗೆ ಮಾತನಾಡುವಷ್ಟು ಹೊತ್ತಿನಲ್ಲಿ, ಈ ಬದಲಾವಣೆಯನ್ನು ಮುಗಿಸಬೇಕು. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ರಿಜ್, ಅಂದರೆ ಗಿಟಾರಿನ ಒಡಲಿನ ಮೇಲೆ ತಂತಿಗಳ ತುದಿಯನ್ನು ಹಿಡಿದಿರುವ ಭಾಗ.

ಕೈಯಿಂದ ಅಲುಗಿಸಿ ಸ್ವರವನ್ನು ಏರಿಳಿಸಬಹುದಾದ, ತೇಲುವ ಟ್ರೆಮೊಲೊ ಬ್ರಿಜ್ ತಕ್ಕಡಿಯಂತೆ ಕೆಲಸ ಮಾಡುತ್ತದೆ: ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಗಿಟಾರಿನ ಬೆನ್ನಿನೊಳಗಿರುವ ಸ್ಪ್ರಿಂಗ್‌ಗಳ ಎಳೆತ. ಒಂದು ತಂತಿಯನ್ನು ಸಡಿಲಿಸಿದರೆ ಸಮತೋಲ ತಪ್ಪಿ ಉಳಿದ ಐದೂ ಏರುತ್ತವೆ. ಒಂದು ತಂತಿ ಹರಿದರಂತೂ ಆ ಹಾಡನ್ನು ಅಲ್ಲಿಗೇ ಬಿಡಬೇಕಾಗುತ್ತದೆ. ಫ್ಲಾಯ್ಡ್ ರೋಸ್ ಮಾದರಿಯ ಬ್ರಿಜ್‌ನಲ್ಲಿ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಸೀಳುಪಟ್ಟಿ) ಬಳಿ ತಂತಿಗಳನ್ನು ಬಿಗಿದು ಬೀಗ ಹಾಕಿರುವುದರಿಂದ ಅದನ್ನು ಸಡಿಲಿಸದೆ ಶ್ರುತಿ ಬದಲಿಸುವಂತೆಯೇ ಇಲ್ಲ. ಮೇಲಾಗಿ ಅಗ್ಗದ ಗಿಟಾರ್‌ಗಳಲ್ಲಿ ಬರುವ ಅದರ ನಕಲುಗಳಲ್ಲಿ ಲೋಹ ಮೃದುವಾಗಿದ್ದು, ಬ್ರಿಜ್ ತಿರುಗುವ ಅಂಚುಗಳು ಬೇಗ ಸವೆದು, ಕೈಬಿಟ್ಟ ಮೇಲೆ ತಂತಿಗಳು ಹಿಂದಿನ ಶ್ರುತಿಗೆ ಮರಳುವುದನ್ನೇ ನಿಲ್ಲಿಸುತ್ತವೆ. ಟ್ರೆಮೊಲೊ ಬಳಕೆಗೆ ಹೆಸರಾದ ವ್ಯಾನ್ ಹೇಲನ್ ಹಾಡುಗಳನ್ನು ನುಡಿಸಲೇಬೇಕೆಂಬ ಹಟವಿಲ್ಲದ ಬ್ಯಾಂಡಿಗೆ ಈ ಬೆಲೆಯಲ್ಲಿ ಫ್ಲಾಯ್ಡ್ ರೋಸ್ ಬೇಡ.

ಎರಡನೆಯದಾಗಿ ನೋಡಬೇಕಾದದ್ದು ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ, ವಿರುದ್ಧ ಕಾಂತ ಧ್ರುವಗಳೊಂದಿಗೆ ಜೋಡಿಸಲಾಗಿರುತ್ತದೆ. ಇದರಿಂದ ಹೊರಗಿನ ವಿದ್ಯುತ್ತಿನ ಗೊರಗೊರ ಸದ್ದು ಎರಡರಲ್ಲೂ ಪರಸ್ಪರ ಕಳೆದುಹೋಗುತ್ತದೆ; ತಂತಿಯ ಸದ್ದು ಮಾತ್ರ ಕೂಡುತ್ತದೆ. ಈ ಗುಣ ನಮ್ಮ ಕಡೆ ಇನ್ನಷ್ಟು ಮುಖ್ಯ. ವೇದಿಕೆಯ ದೀಪ, ಡಿಮ್ಮರ್, ಬಾರಿನ ಫ್ರಿಜ್ ಮತ್ತು ಆಂಪ್ ಎಲ್ಲವೂ ಒಂದೇ ಲೈನಿನಿಂದ ವಿದ್ಯುತ್ ಎಳೆಯುವ, ಅರ್ಥಿಂಗ್ ಎಲ್ಲಿದೆಯೆಂದು ಯಾರಿಗೂ ಖಚಿತವಿಲ್ಲದ ಸಭಾಂಗಣಗಳಲ್ಲಿ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ 50 ಹರ್ಟ್ಸ್‌ನ ಸದ್ದು ಹಾಡಿಗಿಂತ ಮೊದಲೇ ವೇದಿಕೆಗೆ ಬಂದು ನಿಂತಿರುತ್ತದೆ. ಬ್ರಿಜ್ ಬಳಿ ಹಂಬಕರ್ ಇಲ್ಲದ ಗಿಟಾರನ್ನು ಹಾರ್ಡ್ ರಾಕಿಗೆ ಕೊಳ್ಳಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈಗ ಪೆಸಿಫಿಕಾ. ಯಮಹಾ 1990ರಲ್ಲಿ ಆರಂಭಿಸಿದ ಈ ಸಾಲಿನಲ್ಲಿ 112ವಿ ಬಹುಕಾಲದಿಂದ ಹೆಸರು ಉಳಿಸಿಕೊಂಡಿರುವ ಮಾದರಿ. ಆಲ್ಡರ್ ಮರದ ಒಡಲು, ಬೋಲ್ಟ್‌ಗಳಿಂದ ಜೋಡಿಸಿದ ಮೇಪಲ್ ನೆಕ್, 22 ಫ್ರೆಟ್‌ಗಳು (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು), 25.5 ಇಂಚಿನ ಸ್ಕೇಲ್ (ನಟ್‌ನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ), ಬ್ರಿಜ್ ಬಳಿ ಹಂಬಕರ್, ಮಧ್ಯದಲ್ಲಿ ಮತ್ತು ನೆಕ್ ಬಳಿ ಸಿಂಗಲ್ ಕಾಯಿಲ್‌ಗಳು. ಪಿಕಪ್‌ಗಳು ಆಲ್ನಿಕೊ ಕಾಂತದವು. ಟೋನ್ ನಾಬನ್ನು ಮೇಲಕ್ಕೆ ಎಳೆದರೆ ಹಂಬಕರ್‌ನ ಒಂದು ಸುರುಳಿ ಮಾತ್ರ ಉಳಿದು ಅದೂ ಸಿಂಗಲ್ ಕಾಯಿಲ್ ಆಗುತ್ತದೆ. ಕವರ್ ಬ್ಯಾಂಡಿಗೆ ಈ ಒಂದು ನಾಬ್ ಕೊಡುವ ಪ್ರಯೋಜನ ದೊಡ್ಡದು: ಬ್ಲ್ಯಾಕ್‌ಮೋರ್ ಶೈಲಿಯ ಚುರುಕಾದ ಸದ್ದು, ನಿಧಾನಗತಿಯ ಹಾಡುಗಳಿಗೆ ಬೇಕಾದ ತಿಳಿಯಾದ ಆರ್ಪೆಜಿಯೊ, ಅದರ ಬೆನ್ನಿಗೇ ಎಸಿ/ಡಿಸಿಯ ಒರಟು ಪವರ್ ಕಾರ್ಡ್, ಎಲ್ಲವೂ ವಾದ್ಯ ಬದಲಿಸದೆ ಸಿಗುತ್ತವೆ. ನಾಬನ್ನು ಎಳೆದಾಗ ಗೊರಗೊರ ಸದ್ದು ಮರಳುತ್ತದೆಂಬುದು ನಿಜ, ಆದರೆ ಡಿಸ್ಟಾರ್ಷನ್ ಇಲ್ಲದ ಭಾಗಗಳಲ್ಲಿ ಅದು ಅಷ್ಟಾಗಿ ಕಾಡುವುದಿಲ್ಲ.

ಇದರ ಬ್ರಿಜ್ ಟ್ರೆಮೊಲೊ ಆಗಿರುವುದರಿಂದ, ಮೇಲೆ ಹೇಳಿದ ಮಾತಿಗೆ ಇದು ವಿರುದ್ಧವಲ್ಲವೇ ಎಂದು ಓದುಗರು ಕೇಳಬಹುದು. ಪರಿಹಾರ ಸರಳವಾಗಿದೆ. ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳನ್ನು ಹಿಡಿದಿರುವ ಪಟ್ಟಿಯ ತಿರುಪುಗಳನ್ನು ಬಿಗಿಮಾಡಿ, ಅಗತ್ಯವಿದ್ದರೆ ಒಂದೆರಡು ಸ್ಪ್ರಿಂಗ್ ಹೆಚ್ಚಿಗೆ ಹಾಕಿ, ಬ್ರಿಜ್ ಒಡಲಿಗೆ ಒತ್ತಿ ಕೂರುವಂತೆ ಮಾಡಿದರೆ ಅದು ಸ್ಥಿರ ಬ್ರಿಜ್‌ನಂತೆಯೇ ವರ್ತಿಸುತ್ತದೆ. ಡ್ರಾಪ್ ಡಿಗೆ ತಂತಿ ಬಿಗಿಯುವ ಒಂದೇ ಕಿವಿ ತಿರುಗಿಸಿದರೆ ಸಾಕಾಗುತ್ತದೆ. ಪೆಸಿಫಿಕಾದ ನಿಜವಾದ ಕೊರತೆ ಬೇರೆಡೆ ಇದೆ. ಅದರ ಹಂಬಕರ್ ಸ್ವಭಾವತಃ ಸೌಮ್ಯ. ಅಂಗೈಯನ್ನು ಬ್ರಿಜ್ ಮೇಲೆ ಒತ್ತಿ ನುಡಿಸುವ ಪಾಮ್ ಮ್ಯೂಟ್‌ಗಳಲ್ಲಿ ಮೆಟಲ್ ಹಾಡುಗಳಿಗೆ ಬೇಕಾದ ಬಿಗಿ ಇದರಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಡಿಸ್ಟಾರ್ಷನ್‌ಗೆ ಮುಂಚೆ ಓವರ್‌ಡ್ರೈವ್ ಪೆಡಲ್ ಒಂದನ್ನು ಇಟ್ಟರೆ ಮಾತ್ರ ಸಮಾಧಾನವಾಗುತ್ತದೆ. ನೆಕ್ ಪಿಕಪ್‌ನಲ್ಲಿ ಸೋಲೋ ನುಡಿಸುವ ಅಭ್ಯಾಸವಿದ್ದವರಿಗೂ ಅಲ್ಲಿ ಹಂಬಕರ್ ಇಲ್ಲದಿರುವುದು ಅಡಚಣೆಯೇ. ಇನ್ನು ಅದರ ಚೆಹರೆ: ಚರ್ಮದ ಜಾಕೆಟ್ ತೊಟ್ಟವರ ಕೈಯಲ್ಲಿ ಅದು ತುಸು ಸಭ್ಯವಾಗಿ ಕಾಣುತ್ತದೆ, ಅಷ್ಟೇ. ಇದೇ ಸಾಲಿನ 112ಜೆ ಇನ್ನೂ ಅಗ್ಗ, ಆದರೆ ಅದರಲ್ಲಿ ಈ ಎಳೆಯುವ ನಾಬ್ ಇಲ್ಲದಿರುವುದರಿಂದ ಉಳಿತಾಯದ ಹಣಕ್ಕೆ ಅರ್ಥ ಉಳಿಯುವುದಿಲ್ಲ.

ಐಬನೆಜ್ ಜಿಆರ್‌ಜಿ121ಡಿಎಕ್ಸ್ ಈ ಮೂರರಲ್ಲಿ ಅತ್ಯಂತ ಅಗ್ಗದ್ದು, ಮತ್ತು ಉದ್ದೇಶದ ದೃಷ್ಟಿಯಿಂದ ಅತ್ಯಂತ ನೇರವಾದದ್ದು. ಸ್ಥಿರ ಬ್ರಿಜ್, ಎರಡು ಹಂಬಕರ್‌ಗಳು, ತೆಳುವಾದ ಮೇಪಲ್ ನೆಕ್, 24 ಫ್ರೆಟ್‌ಗಳು, 25.5 ಇಂಚಿನ ಸ್ಕೇಲ್. ಪೆಟ್ಟಿಗೆಯಿಂದ ತೆಗೆದು, ಸೆಟಪ್ ಮಾಡಿಸಿ, ಡ್ರಾಪ್ ಡಿಗೆ ಇಳಿಸಿ ರಿಫ್ ನುಡಿಸಿದರೆ ಬೆಲೆಯನ್ನು ಮರೆಯುವಷ್ಟು ಗಟ್ಟಿಯಾದ ಸದ್ದು ಬರುತ್ತದೆ. ವೇಗವಾಗಿ ನುಡಿಸುವವರಿಗೆ ನೆಕ್ ಬಹಳ ಹಿತ. ದೊಡ್ಡ ಕೈಯವರಿಗೆ ಅದೇ ತೆಳುತನ ಕೆಲವು ತಾಸುಗಳ ಅಭ್ಯಾಸದಲ್ಲಿ ನೋವು ತರಬಹುದು. ಡಿಸ್ಟಾರ್ಷನ್ ತೆಗೆದೊಡನೆ ಅದರ ಮಿತಿ ತಿಳಿಯುತ್ತದೆ: ತಿಳಿಯಾದ ಸದ್ದು ಚಪ್ಪಟೆಯಾಗಿದೆ. 24 ಫ್ರೆಟ್‌ಗಳಿಗೆ ಜಾಗ ಮಾಡಿಕೊಡಲು ನೆಕ್ ಪಿಕಪ್ಪನ್ನು ಬ್ರಿಜ್ ಕಡೆಗೆ ಸರಿಸಬೇಕಾಗುವುದರಿಂದ, 22 ಫ್ರೆಟ್‌ಗಳ ಗಿಟಾರಿನ ನೆಕ್ ಪಿಕಪ್‌ನಲ್ಲಿ ಸಿಗುವ ದುಂಡಗಿನ ನಾದವೂ ಇಲ್ಲಿ ಪೂರ್ತಿ ಸಿಗುವುದಿಲ್ಲ. ಜೊತೆಗೆ ಇನ್ನೊಬ್ಬ ಗಿಟಾರ್ ವಾದಕರಿದ್ದು ನಯವಾದ ಭಾಗಗಳನ್ನು ಅವರು ನೋಡಿಕೊಳ್ಳುವುದಾದರೆ ಇದು ದೋಷವೇ ಅಲ್ಲ. ಉಳಿದ ಹಣದಲ್ಲಿ ಒಳ್ಳೆಯ ಬ್ರಿಜ್ ಪಿಕಪ್ ಹಾಕಿಸಿಕೊಳ್ಳಲು ಅವಕಾಶವಿರುವುದು ಇದರ ಇನ್ನೊಂದು ಅನುಕೂಲ.

ಲೆಸ್ ಪಾಲ್ ಬಗ್ಗೆ ಬರೆಯುವಾಗ ನಿಷ್ಪಕ್ಷಪಾತವಾಗಿರುವುದು ಕಷ್ಟ, ಏಕೆಂದರೆ ಹಾರ್ಡ್ ರಾಕ್ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವ ಆಕಾರವೇ ಅದು. ಎಪಿಫೋನ್ 1957ರಿಂದ ಗಿಬ್ಸನ್ ಒಡೆತನದಲ್ಲಿರುವುದರಿಂದ ಈ ಆಕಾರವನ್ನೂ ಹೆಸರನ್ನೂ ಅಧಿಕೃತವಾಗಿ ಬಳಸುತ್ತದೆ. ಸ್ಟುಡಿಯೋ ಮಾದರಿಯಲ್ಲಿ ಅಂಚಿನ ಅಲಂಕಾರಗಳನ್ನು ಕೈಬಿಟ್ಟು, ಮಹಾಗನಿ ಒಡಲು, ಅಂಟಿನಿಂದ ಕೂಡಿಸಿದ ನೆಕ್ ಮತ್ತು ಎರಡು ಹಂಬಕರ್‌ಗಳನ್ನು ಉಳಿಸಿಕೊಳ್ಳಲಾಗಿದೆ. ನೆಕ್ ಪಿಕಪ್‌ನಲ್ಲಿ ಎಳೆದು ನುಡಿಸುವ ಸೋಲೋಗಳ ತುಂಬುನಾದಕ್ಕೆ ಉಳಿದೆರಡು ಗಿಟಾರ್‌ಗಳು ಸಾಟಿಯಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸ್ಕೇಲ್ 24.75 ಇಂಚು. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಬಿಗಿದಾಗ ಎಳೆತ ಉದ್ದದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 25.5 ಇಂಚಿನ ಗಿಟಾರಿಗಿಂತ ಇಲ್ಲಿ ಬಿಗಿತ ಶೇ 6ರಷ್ಟು ಕಡಿಮೆ. ಅದರ ಮೇಲೆ ಇ ಫ್ಲಾಟ್‌ಗೆ ಇಳಿಸಿದರೆ ಇನ್ನೂ ಶೇ 11ರಷ್ಟು ಹೋಗುತ್ತದೆ. ತಂತಿ ಬಗ್ಗಿಸಲು ಇದು ಸುಖ, ಆದರೆ ಜೋರಾಗಿ ಬಾರಿಸುವ ರಿದಮ್ ಕೈಗೆ ತಂತಿಗಳು ಜೋಲಾಡಿ, ಪಿಕ್ ತಗುಲಿದ ಕ್ಷಣದಲ್ಲಿ ಸ್ವರ ಮೇಲೇರಿ ಅಪಸ್ವರ ಕೇಳಿಸುತ್ತದೆ. ತೆಳುವಾದ 9ರ ತಂತಿ ಸೆಟ್ ಬದಲು ದಪ್ಪನೆಯ 10 ಅಥವಾ 11ರ ಸೆಟ್ ಹಾಕಿದರೆ ಈ ತೊಂದರೆ ನೀಗುತ್ತದೆ.

ಇನ್ನೆರಡು ಎಚ್ಚರಿಕೆಗಳಿವೆ. ಈ ವಿನ್ಯಾಸದಲ್ಲಿ ನಟ್‌ನಿಂದ ಕಿವಿಗಳ ಕಡೆಗೆ ತಂತಿಗಳು ಕೋನದಲ್ಲಿ ಹರಡಿಕೊಳ್ಳುವುದರಿಂದ ಜಿ ತಂತಿ ನಟ್‌ನಲ್ಲಿ ಸಿಕ್ಕಿಕೊಂಡು ಶ್ರುತಿ ತಪ್ಪುವುದು ಸಾಮಾನ್ಯ. ನಟ್‌ನ ಸೀಳುಗಳನ್ನು ನುಣುಪು ಮಾಡಿಸಿ, ಸ್ವಲ್ಪ ಪೆನ್ಸಿಲ್ ಗ್ರಾಫೈಟ್ ಸವರಿದರೆ ಹಿಡಿತಕ್ಕೆ ಬರುತ್ತದೆ. ತೂಕವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಕಿಲೋ ಆಸುಪಾಸಿನ ವಾದ್ಯವನ್ನು ಎರಡು ತಾಸು ಹೆಗಲಿಗೆ ಹಾಕಿಕೊಂಡು ನಿಲ್ಲುವುದೂ, ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್ (ಕಿವಿಗಳಿರುವ ತುದಿ) ಬಿದ್ದ ಏಟಿಗೆ ಮುರಿಯದಂತೆ ಆಟೋದಲ್ಲಿ ಸಾಗಿಸುವುದೂ ಒಗ್ಗದವರು ಇದರಿಂದ ದೂರವಿರುವುದು ಒಳಿತು. ಅದೇ ಕಂಪನಿಯ ಎಸ್‌ಜಿ ಹಗುರ, ಆದರೆ ಕೈ ಬಿಟ್ಟರೆ ಅದರ ನೆಕ್ ನೆಲದ ಕಡೆಗೆ ವಾಲುತ್ತದೆ. ಅಗಲವಾದ, ಒರಟು ಚರ್ಮದ ಸ್ಟ್ರ್ಯಾಪ್ ಬೇಕಾಗುತ್ತದೆ.

ಯಾವುದನ್ನು ಕೊಂಡರೂ ಸೆಟಪ್‌ಗೆ ಪ್ರತ್ಯೇಕ ಹಣ ಇಟ್ಟುಕೊಳ್ಳಬೇಕು. ಅಗ್ಗದ ಗಿಟಾರಿಗೂ ದುಬಾರಿ ಗಿಟಾರಿಗೂ ಇರುವ ಅಂತರದಲ್ಲಿ ಬಹುಪಾಲು ಮರದಲ್ಲಿಲ್ಲ. ಫ್ರೆಟ್‌ಗಳನ್ನು ಸಮಮಾಡುವುದು, ನಟ್ ಕೊರೆಯುವುದು, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವಂತೆ) ಹೊಂದಿಸುವುದು ಮೊದಲಾದ, ಕಾರ್ಖಾನೆ ಉಳಿಸಿಬಿಟ್ಟ ಕೈಕೆಲಸಗಳಲ್ಲಿದೆ. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ತೆಳು ತಂತಿಗೆ 1.5 ಮಿಲಿಮೀಟರ್, ದಪ್ಪ ತಂತಿಗೆ 2 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸರಿ. ಜೋರಾಗಿ ಬಾರಿಸುವವರು ಇನ್ನೂ ತುಸು ಎತ್ತರ ಇಟ್ಟುಕೊಳ್ಳಬಹುದು. ನೀವು ಹೆಚ್ಚಾಗಿ ನುಡಿಸುವ ಶ್ರುತಿಯಲ್ಲಿಯೇ ಸೆಟಪ್ ಮಾಡಿಸಿ. ಹವಾಮಾನವನ್ನೂ ಮರೆಯುವಂತಿಲ್ಲ: ಮಂಗಳೂರಿನ ಮಳೆಗಾಲದಲ್ಲಿ ನೆಕ್‌ನ ಮರ ತೇವ ಹೀರಿ ತಂತಿಗಳ ಎತ್ತರ ಬದಲಾಗುತ್ತದೆ, ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಬೆರಳಿಗೆ ತರಚುತ್ತದೆ. ನೆಕ್‌ನ ಬಾಗು ಹೊಂದಿಸುವ, ಅದರೊಳಗಿನ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಲು ಕಲಿತುಕೊಂಡರೆ ವರ್ಷಕ್ಕೆರಡು ಸಲ ಅಂಗಡಿಗೆ ಹೋಗುವುದು ತಪ್ಪುತ್ತದೆ.

ಆಂಪ್ ಬಗ್ಗೆ ಒಂದೇ ಮಾತು: ಗಿಟಾರಿನಲ್ಲಿ ಐದು ಸಾವಿರ ಉಳಿಸಿ ಅದನ್ನು ಡಿಸ್ಟಾರ್ಷನ್ ಕಡೆಗೆ ಹಾಕಿದರೆ ಕೇಳುಗರಿಗೆ ಹೆಚ್ಚು ಗೊತ್ತಾಗುತ್ತದೆ. ಬಾಸ್ ಕಂಪನಿಯ 1978ರ ಕಿತ್ತಳೆ ಬಣ್ಣದ ಡಿಎಸ್-1 ಡಿಸ್ಟಾರ್ಷನ್ ಪೆಡಲ್ ಮತ್ತು 1981ರ ಹಳದಿ ಎಸ್‌ಡಿ-1 ಓವರ್‌ಡ್ರೈವ್ ಪೆಡಲ್ ಇಂದಿಗೂ ಹೊಸದಾಗಿ ಸಿಗುತ್ತವೆ. ಎರಡನೆಯದನ್ನು ಆಂಪ್‌ನ ಸ್ವಂತ ಡಿಸ್ಟಾರ್ಷನ್‌ಗೆ ಮುಂಚೆ, ಗೇನ್ ತಗ್ಗಿಸಿ ಲೆವೆಲ್ ಏರಿಸಿ ಇಟ್ಟರೆ ಪೆಸಿಫಿಕಾದ ಸೌಮ್ಯ ಹಂಬಕರ್‌ಗೆ ಬೇಕಾದ ಬಿಗಿ ಬರುತ್ತದೆ.

ಬಳಸಿದ ಲೆಸ್ ಪಾಲ್ ನೋಡಲು ಹೋಗುವವರು ಮೊಬೈಲ್ ಟಾರ್ಚ್ ಹಾಕಿ ನಟ್‌ನ ಹಿಂಬದಿಯಲ್ಲಿ ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಇದೆಯೇ ಎಂದು ನೋಡಬೇಕು. ಅಂಟು ಹಾಕಿ ಸರಿಪಡಿಸಿದ ನೆಕ್ ನುಡಿಸಲು ತೊಂದರೆ ಕೊಡದಿರಬಹುದು, ಆದರೆ ಬೆಲೆ ಅರ್ಧಕ್ಕೆ ಇಳಿಯಬೇಕು. ಹೊಸದನ್ನು ಅಂಗಡಿಯಲ್ಲಿ ಕೊಳ್ಳುವವರು ಕುರ್ಚಿಯಲ್ಲಿ ಕೂತು ನುಡಿಸಿ ತೀರ್ಮಾನಿಸಬಾರದು. ಸ್ಟ್ರ್ಯಾಪ್ ಹಾಕಿ ನಿಂತು, ಇ ಶ್ರುತಿಯಿಂದ ಡ್ರಾಪ್ ಡಿಗೆ, ಅಲ್ಲಿಂದ ಇ ಫ್ಲಾಟ್‌ಗೆ, ಮತ್ತೆ ಇಗೆ ತಂದು, ಪ್ರತಿ ಸಲವೂ ಮೂರನೇ ತಂತಿಯನ್ನು ಪೂರ್ತಿ ಒಂದು ಸ್ವರ ಬಗ್ಗಿಸಿ, ಟ್ಯೂನರ್ ಏನು ತೋರಿಸುತ್ತದೆಂದು ನೋಡಬೇಕು. ಅಂಗಡಿಯವರು ಇದಕ್ಕೆ ಅವಕಾಶ ಕೊಡದಿದ್ದರೆ ಬೇರೆ ಅಂಗಡಿಗೆ ಹೋಗಬೇಕು.