ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಕೇಳಿ: ಸ್ಟೋರೇಜ್ ಸ್ಲಾಟಲ್ಲಿದ್ಯಾ, ಬೋರ್ಡಿಗೇ ಬೆಸುಗೆ ಹಾಕಿದಾರಾ?

ಕಾಲೇಜ್ ಅಡ್ಮಿಷನ್ ಟೈಮು, ತುಂಬಾ ಜನ ಮಕ್ಕಳಿಗೆ ಲ್ಯಾಪ್‌ಟಾಪ್ ನೋಡ್ತಿರ್ತೀರ, ದಯವಿಟ್ಟು ಇದನ್ನ ಓದ್ಬಿಟ್ಟು ಅಂಗಡಿಗೆ ಹೋಗಿ. ನನ್ನ ತಂಗಿ ಬಿಸಿಎ ಸೇರಿದಾಗ ಅಪ್ಪ ಜಯನಗರದ ಒಂದು ಅಂಗಡೀಲಿ ಅವಳಿಗೆ ಲ್ಯಾಪ್‌ಟಾಪ್ ಕೊಡಿಸಿದ್ರು. ಅಲ್ಲಿ ಎರಡು ಮಾಡೆಲ್ ತೋರಿಸಿದ್ರು, ಒಂದ್ರಲ್ಲಿ 64 ಜಿಬಿ ಸ್ಟೋರೇಜ್, ಇನ್ನೊಂದ್ರಲ್ಲಿ 512 ಜಿಬಿ ಎಸ್‌ಎಸ್‌ಡಿ (ಫೈಲೆಲ್ಲ ಇಡೋ ಸ್ಪೀಡಾದ ಡ್ರೈವ್). ಅಪ್ಪ ಜಾಸ್ತಿ ದುಡ್ಡು ಕೊಡೋಕೂ ರೆಡಿ ಇದ್ರು, ಆದ್ರೆ 512ರದ್ದು ಸ್ಟಾಕ್ ಇರ್ಲಿಲ್ಲ, ಸೇಲ್ಸ್ ಹುಡುಗ "ಸುಮ್ನೆ ಯಾಕ್ ಸಾರ್ ಕಾಯ್ತೀರ, ಇದನ್ನೇ ತಗೊಳ್ಳಿ, ಬೇಕಾದಾಗ ಎಸ್‌ಎಸ್‌ಡಿ ಹಾಕ್ಸ್ಕೊಬಹುದು" ಅಂತ ಹೇಳಿ ಬಿಲ್ ಮಾಡ್ಬಿಟ್ಟ.

ಅದು ಸುಳ್ಳು. ಎಸ್‌ಪಿ ರೋಡಲ್ಲಿ ರಿಪೇರಿಯವ್ರು ಹಿಂದಿನ ಕವರ್ ಬಿಚ್ಚಿ ತೋರಿಸಿದ್ರು, ಎಸ್‌ಎಸ್‌ಡಿ ಹಾಕೋ ಎಂ.2 ಸ್ಲಾಟೇ ಇಲ್ಲ, ಇರೋದು ಇಎಂಎಂಸಿ ಅನ್ನೋ ಅಗ್ಗದ ಸ್ಟೋರೇಜ್ ಚಿಪ್ಪು, ಅದನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿದಾರೆ.

64 ಜಿಬಿ ಅಂದ್ರೂ ವಿಂಡೋಸಲ್ಲಿ ಕಾಣೋದು ಹೆಚ್ಚುಕಮ್ಮಿ 59. ವಿಂಡೋಸ್ 11ಕ್ಕೆ ಕನಿಷ್ಠ ಬೇಕು ಅಂತ ಮೈಕ್ರೋಸಾಫ್ಟ್ ಹೇಳೋದೇ 64 ಜಿಬಿ, ಅಂದ್ರೆ ಶುರುವಲ್ಲೇ ಅಂಚಲ್ಲಿ ನಿಂತಿರ್ತೀವಿ. ಅಪ್‌ಡೇಟ್ ಬಂದಾಗೆಲ್ಲ ಜಾಗ ಇಲ್ಲ ಅಂತ ಫೇಲ್ ಆಗ್ತಿತ್ತು, ಪಾಪ ಅವಳು ಫೋಟೋ ನೋಟ್ಸ್ ಎಲ್ಲ ಪೆನ್‌ಡ್ರೈವಿಗೆ ಹಾಕಿ ಡಿಲೀಟ್ ಮಾಡಿದ್ಲು, ಆದ್ರೂ ಫೋನ್ ಆಪ್ ಮಾಡೋ ಆಂಡ್ರಾಯ್ಡ್ ಸ್ಟುಡಿಯೋನ ಎಮ್ಯುಲೇಟರ್ (ಕಂಪ್ಯೂಟರಲ್ಲೇ ಫೋನ್ ತರ ಓಡೋದು) ಸಮೇತ ಹಾಕೋಕೆ ಜಾಗ ಸಾಲ್ಲಿಲ್ಲ, ಪ್ರಾಜೆಕ್ಟ್ ಕೊಡೋ ಟೈಮಲ್ಲಿ ಅಳ್ತಾ ಕೂತಿದ್ದನ್ನ ನೋಡಿ ನಂಗೆ ಹೊಟ್ಟೆ ಉರೀತು. ಹೊರಗಡೆ ಡ್ರೈವ್ ಹಾಕಿದ್ರೆ ಫೈಲ್ ಇಡ್ಬಹುದು ಅಷ್ಟೇ, ವಿಂಡೋಸ್ ಇರೋ ಸಿ ಡ್ರೈವ್ ತುಂಬಿದ್ರೆ ಆ ಕಷ್ಟ ಹಾಗೇ ಇರತ್ತೆ. ಸ್ಪೀಡೂ ಇಲ್ಲ, ಇಎಂಎಂಸಿ 5.1 ಅಂದ್ರೆ ಮ್ಯಾಕ್ಸಿಮಮ್ ಸೆಕೆಂಡಿಗೆ 400 ಎಂಬಿ, ಎಂ.2 ಸ್ಲಾಟಲ್ಲಿ ಹಾಕೋ ಪಿಸಿಐಇ 3.0 ಎನ್‌ವಿಎಂಇ ಅನ್ನೋ ಬಗೆಯ ಎಸ್‌ಎಸ್‌ಡಿ 3500ರ ತನಕ ಹೋಗತ್ತೆ.

ಅದಕ್ಕೇ ಜಾಸ್ತಿ ದುಡ್ಡು ಕೊಡ್ಬೇಕಾ ಬೇಡ್ವಾ ಅನ್ನೋದು ಸ್ಲಾಟ್ ಮೇಲೆ ನಿಂತಿದೆ. ಸ್ಲಾಟಲ್ಲಿರೋ ಎಸ್‌ಎಸ್‌ಡಿ ಆದ್ರೆ ಚಿಕ್ಕದು ತಗೊಂಡು ಆಮೇಲೆ ನೀವೇ ದೊಡ್ಡದು ಹಾಕ್ಸಿ (ವಾರಂಟಿ ಹೋಗತ್ತಾ ಅಂತ ಕೇಳ್ಕೊಂಡು, ವಿಂಡೋಸ್ ಡ್ರೈವಿಗೆ ಹಾಕೋ ಬೀಗ ಬಿಟ್‌ಲಾಕರಿನ ಕೀ ಬರೆದಿಟ್ಕೊಂಡು). ಬೆಸುಗೆ ಹಾಕಿ, ಖಾಲಿ ಸ್ಲಾಟೂ ಇಲ್ದಿದ್ರೆ ಮೊದ್ಲೇ ಜಾಸ್ತಿ ದುಡ್ಡು ಕೊಟ್ಟು ದೊಡ್ಡದೇ ತಗೊಂಡ್ಬಿಡಿ, ಬೇರೆ ದಾರಿ ಇಲ್ಲ. ಮ್ಯಾಕ್‌ಬುಕ್ ಏರ್ ಹಾಗೇನೇ, 2025ರಲ್ಲಿ ಎಂ4 ಚಿಪ್ಪಿನ 13 ಇಂಚಿಂದು ಬಂದಾಗ 256 ಜಿಬಿದು 99,900, 512ರದ್ದು 1,19,900, 20 ಸಾವಿರ ಜಾಸ್ತಿ ಅಂದ್ರೆ ಅನ್ಯಾಯ ಅನ್ಸತ್ತೆ, ನಂಗೂ ಅನ್ಸತ್ತೆ, ಆದ್ರೆ ಆಮೇಲೆ ಹಾಕ್ಸೋ ಚಾನ್ಸ್ ಇಲ್ಲ. ವಿಡಿಯೋ ಫೋಟೋ ಇಡೋಕೆ ಮಾತ್ರ ಆದ್ರೆ 256 ತಗೊಂಡು 10 ಜಿಬಿಪಿಎಸ್ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಇಟ್ಕೊಳ್ಳಿ, ಸೆಕೆಂಡಿಗೆ ಸುಮಾರು 1000 ಎಂಬಿ ಬರತ್ತೆ, ಸಾಕು. ಆನ್‌ಲೈನಲ್ಲಿ ಕಮ್ಮಿ ರೇಟಿಗೆ 16 ಟಿಬಿ ಅಂತ ಮಾರೋದನ್ನ ಮುಟ್ಟಲೇಬೇಡಿ, ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು ಸೈಜ್ ಸುಳ್ಳು ತೋರಿಸ್ತಾರೆ. ಇನ್ನೊಂದು, ಬೆಸುಗೆ ಹಾಕಿದ ಮೆಷಿನಲ್ಲಿ ಬೋರ್ಡ್ ಹೋದ್ರೆ ಡೇಟಾನೂ ಹೋದಂಗೇ, ಬ್ಯಾಕಪ್ ಇರ್ಲೇಬೇಕು.

ಅಂಗಡೀಲಿ ಪೂರ್ತಿ ಮಾಡೆಲ್ ನಂಬರ್ ಬರ್ಕೊಂಡು, ಕಂಪನಿ ಸೈಟಲ್ಲಿ ಸ್ಟೋರೇಜ್ ಮುಂದೆ ಇಎಂಎಂಸಿ ಅಂತಿದ್ಯಾ ಎಂ.2 ಅಂತಿದ್ಯಾ ನೋಡಿ. ಇಎಂಎಂಸಿ ಜೊತೆಗೇ ಖಾಲಿ ಎಂ.2 ಸ್ಲಾಟ್ ಇರೋ ಮಾಡೆಲ್‌ಗಳೂ ಇವೆ, ಅದನ್ನೂ ಕೇಳಿ. ಅಪ್‌ಗ್ರೇಡ್ ಆಗತ್ತೆ ಅಂದ್ರೆ ಬಿಲ್ ಮೇಲೇ ಬರ್ಸ್ಕೊಳ್ಳಿ. ನಮ್ಮ ಬಿಲ್ಲಲ್ಲಿ ಬರೀ ಮಾಡೆಲ್ ನಂಬರ್ ಇದೆ, ಅಂಗಡಿಯವ್ರು "ನಾವ್ ಹಂಗೆ ಹೇಳೇ ಇಲ್ಲ" ಅಂತಿದಾರೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀವಿ, ಏನಾಗತ್ತೆ ಅಂತ ಇಲ್ಲೇ ತಿಳಿಸ್ತೀನಿ.