ಪೆರ್ಲದ ಅರ್ಕಾವೊತ್ತು ಸರಿಯಾಗಿ ಬೀಳಬೇಕಿದ್ದರೆ: ಬಿಲ್ಲು ಮುದ್ರಣಕ್ಕೆ ವೀಸಿಪ್ರಿಂಟ್

ಕಾಸರಗೋಡಿನ ಅಡಿಕೆ ವ್ಯಾಪಾರದಲ್ಲಿ ಲೆಕ್ಕವೆಲ್ಲ ಸರ್ವರಿನಲ್ಲಿದ್ದರೂ ಲಾರಿಯ ಜೊತೆ ಹೋಗುವ ಬಿಲ್ಲು ಕಾಗದದ್ದೇ. ಅದರಲ್ಲಿ ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರೂ ಬರಬೇಕು. ಸರ್ವರಿನಿಂದ ಫಾರ್ಮ್ ಮುದ್ರಿಸುವ ದುಡ್ಡಿನ ಸಾಫ್ಟ್‌ವೇರ್ ಎರಡು ಪ್ರಿಂಟರಿನ ಅಂಗಡಿಗೆ ಹೊರೆ. ವೀಸಿಪ್ರಿಂಟ್ ವೆಬ್ ಪುಟವನ್ನು ಪಿಡಿಎಫ್ ಮಾಡಿಕೊಡುವ ಉಚಿತ, ಮುಕ್ತ ತಂತ್ರಾಂಶ. ಬಹುಕಾಲ ಬಳಸಿದ ಮೇಲೂ ಲೇಸರ್ ಪ್ರಿಂಟರಿಗೆ ನಮ್ಮ ಮೊದಲ ಆಯ್ಕೆ ಇದೇ.

ಕೆಲಸ ಹೀಗೆ: ಬಿಲ್ಲಿನ ನಮೂನೆಯನ್ನು ವೆಬ್ ಪುಟದ ಭಾಷೆಗಳಾದ ಎಚ್‌ಟಿಎಂಎಲ್, ಸಿಎಸ್‌ಎಸ್‌ನಲ್ಲಿ ಬರೆಯಬೇಕು. ಡೇಟಾಬೇಸಿನ ವಿವರವನ್ನು ಆ ನಮೂನೆಯ ಖಾಲಿ ಜಾಗಗಳಿಗೆ ಜಿಂಜಾ ಎಂಬ ಟೆಂಪ್ಲೇಟ್ ಸಾಧನ ತುಂಬುತ್ತದೆ, ವೀಸಿಪ್ರಿಂಟ್ ಪಿಡಿಎಫ್ ಮಾಡುತ್ತದೆ, ಲಿನಕ್ಸ್ ಸರ್ವರಿನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಅದನ್ನು ಪ್ರಿಂಟರಿಗೆ ಕಳಿಸುತ್ತದೆ. ಮೌಸಿನಿಂದ ಎಳೆದು ಕೂರಿಸುವ ಡಿಸೈನರ್ ಇಲ್ಲ, ಇದು ನಿಜವಾದ ಕೊರತೆ. ಸಿಎಸ್‌ಎಸ್ ಗೊತ್ತಿರುವ ಒಬ್ಬರಾದರೂ ಬೇಕು. ಜಾವಾಸ್ಕ್ರಿಪ್ಟ್ ಓಡುವುದಿಲ್ಲ, ಹಾಗಾಗಿ ಮೊತ್ತವನ್ನೆಲ್ಲ ಮೊದಲೇ ಲೆಕ್ಕ ಹಾಕಿ ಕೊಡಬೇಕು. ವಿಂಡೋಸ್‌ನಲ್ಲಿ ಪ್ಯಾಂಗೋ ಲೈಬ್ರರಿಯನ್ನು ಬೇರೆಯಾಗಿ ಹಾಕುವ ರಗಳೆಯಿದೆ, ಲಿನಕ್ಸೇ ಒಳ್ಳೆಯದು.

ಆ ಪ್ಯಾಂಗೋ ಇರುವುದರಿಂದಲೇ ಇದನ್ನು ಆರಿಸಿದ್ದು. ಭಾರತೀಯ ಲಿಪಿಗಳ ಒತ್ತಕ್ಷರ ಜೋಡಿಸುವುದು ಅದೇ. ಯಾವ ಸಾಫ್ಟ್‌ವೇರನ್ನೇ ಕೊಳ್ಳುವ ಮೊದಲು ಪೆರ್ಲ, ನೀರ್ಚಾಲು, ಬದಿಯಡ್ಕ, ಮಂಜೇಶ್ವರ ಎಂಬ ಇಲ್ಲಿನ ನಾಲ್ಕು ಊರಿನ ಹೆಸರನ್ನು ಮುದ್ರಿಸಿ ನೋಡಿ. ಜೋಡಣೆ ಬಾರದ ಪ್ರೋಗ್ರಾಮಿನಲ್ಲಿ ಪೆರ್ಲದ ರಕಾರ ಅರ್ಕಾವೊತ್ತಾಗದೆ ಅರ್ಧಾಕ್ಷರವಾಗಿ ಮೊದಲೇ ನಿಂತು ಲಕಾರ ಒಂಟಿಯಾಗುತ್ತದೆ, ಬದಿಯಡ್ಕದ ಒತ್ತು ಕೆಳಗಿಳಿಯುವುದೇ ಇಲ್ಲ. ಪರದೆಯಲ್ಲಿ ಸರಿ ಕಂಡಿತೆಂದು ನಂಬಬೇಡಿ: ಪರದೆಗೂ ಪಿಡಿಎಫ್‌ಗೂ ಅಕ್ಷರ ಜೋಡಿಸುವ ಭಾಗ ಬೇರೆಯಿರಬಹುದು.

ಅಕ್ಷರ ಸರಿಯಾದ ಮೇಲೂ ಒತ್ತಿನ ಬುಡ ಕೋಷ್ಟಕದ ಗೆರೆಗೆ ತಾಗಬಹುದು. ಇಂಗ್ಲಿಷಿಗೆ ಸಾಕಾಗುವ, ಅಕ್ಷರಗಾತ್ರದ 1.2 ಪಟ್ಟಿನ ಸಾಲಿನೆತ್ತರ ಕನ್ನಡಕ್ಕೆ ಸಾಲದು, 1.5 ಇಡಿ. ನೋಟೋ ಸಾನ್ಸ್ ಕನ್ನಡ, ನೋಟೋ ಸಾನ್ಸ್ ಮಲಯಾಳಂ ಎರಡನ್ನೂ ಸರ್ವರಿನಲ್ಲೇ ಹಾಕಿ, ಫಾಂಟ್ ಪಟ್ಟಿಯಲ್ಲಿ ಎರಡರ ಹೆಸರನ್ನೂ ಬರೆಯಿರಿ. ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟಿನಲ್ಲಿ ಆ ಜಾಗದಲ್ಲಿ ಖಾಲಿ ಚೌಕ ಬೀಳಬಹುದು. ಇಂಗ್ಲಿಷ್ ಅಕ್ಷರದ ಸಂಕೇತಗಳಿಗೇ ಕನ್ನಡದ ರೂಪ ಕೊಟ್ಟ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ರೈತರ ಹೆಸರುಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಇಲ್ಲವಾದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ.

ಮಲೆಯಾಳದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ವಿಶೇಷ ರೂಪಗಳಾದ ಚಿಲ್ಲಕ್ಷರಗಳಿಗೆ ಯೂನಿಕೋಡ್ 2008ರಲ್ಲಿ ಪ್ರತ್ಯೇಕ ಸಂಕೇತ ಕೊಟ್ಟಿತು, ಅದಕ್ಕೂ ಮೊದಲು ಅವು ವ್ಯಂಜನಕ್ಕೆ ಚಂದ್ರಕ್ಕಲ (ಸ್ವರ ತೆಗೆಯುವ ಚಿಹ್ನೆ), ಜಾಯಿನರ್ (ಕಣ್ಣಿಗೆ ಕಾಣದ ಜೋಡಣೆಯ ಸಂಕೇತ) ಸೇರಿಸಿ ಆಗುತ್ತಿದ್ದವು. ಎರಡೂ ಒಂದೇ ಥರ ಮುದ್ರಣವಾಗುತ್ತವೆ, ಆದರೆ ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ತಪ್ಪುತ್ತದೆ. ಮಲೆಯಾಳದಲ್ಲಿ ಬರೆದ ಕಾಸರಗೋಡಿನ ಹೆಸರಿನ ರೂಢಿಯ ರೂಪದೊಳಗೇ ಚಿಲ್ಲು ಇರುವುದರಿಂದ ಇಲ್ಲಿನ ವಿಳಾಸಪಟ್ಟಿಗೆ ಇದು ಸಣ್ಣ ಮಾತಲ್ಲ.

ಜಿಎಸ್‌ಟಿ ಬಿಲ್ಲಿಗೆ ಟೆಂಪ್ಲೇಟಿನಲ್ಲಿ ಒಂದು ಷರತ್ತು ಸಾಕು. ಪೂರೈಕೆಯ ಸ್ಥಳ ಕೇರಳವಾದರೆ, ಅಂದರೆ ಕೋಡ್ 32 ಇದ್ದರೆ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಕೇಂದ್ರ, ರಾಜ್ಯದ ತೆರಿಗೆಗೆ ಎರಡು ಕಾಲಂ. ಮಂಗಳೂರಿಗೆ ಹೋದರೆ ಕರ್ನಾಟಕದ ಕೋಡ್ 29, ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಒಂದೇ ಕಾಲಂ. ಖರೀದಿದಾರ, ಸಾಗಣೆದಾರ, ಮಾರಾಟಗಾರ ಎಂಬ ಮೂರು ಪ್ರತಿಗಳನ್ನು ಲೂಪ್ ಹಾಕಿ ತೆಗೆಯಬಹುದು. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕ ಎಂದು ಅಡಿಕೆಯ ದರ್ಜೆಗಳ ಸಾಲು ಬೆಳೆದು ಎರಡನೇ ಪುಟಕ್ಕೆ ಹೋದರೆ ಕಾಲಂ ತಲೆಬರಹ ತಾನಾಗಿಯೇ ಮರುಕಳಿಸುತ್ತದೆ.

ನೂರಾರು ಪುಟದ ಒಂದೇ ಕೋಷ್ಟಕ ಕೊಟ್ಟರೆ ನಿಧಾನವಾಗುತ್ತದೆ, ಮೆಮೊರಿಯನ್ನೂ ತಿನ್ನುತ್ತದೆ. ಬಿಲ್ಲಿಗೊಂದು ಪಿಡಿಎಫ್ ಮಾಡಿ ಮುದ್ರಣದ ಸರದಿಗೆ ಹಾಕಿ. ಪೂರ್ವಮುದ್ರಿತ ಹಾಳೆಯಾದರೆ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ಆರಿಸಬೇಡಿ. ಅಳತೆ ಸ್ವಲ್ಪ ಕುಗ್ಗಿದರೂ ಅಂಕೆಗಳು ಕೆಳಗಿನ ಚೌಕಗಳಿಂದ ಜಾರುತ್ತವೆ.

ಕಾರ್ಬನ್ ಪ್ರತಿ ಬೇಕಾಗಿ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡವರಿಗೆ ವೀಸಿಪ್ರಿಂಟ್ ಬೇಡ. ಪಿಡಿಎಫ್ ಅಲ್ಲಿ ಚಿತ್ರವಾಗಿ ಬೀಳುತ್ತದೆ, ಒಂದು ಹಾಳೆಗೆ ತುಂಬ ಹೊತ್ತು ಹಿಡಿಯುತ್ತದೆ. ಕನ್ನಡ, ಮಲೆಯಾಳದ ತಲೆಬರಹಗಳನ್ನು ಪ್ರೆಸ್ಸಿನಲ್ಲೇ ಮುದ್ರಿಸಿ, ಸರ್ವರಿನಿಂದ ಇಂಗ್ಲಿಷ್ ಅಂಕೆಗಳನ್ನು ಮಾತ್ರ ಪಠ್ಯವಾಗಿ ಕಳಿಸಿ. 12 ಇಂಚಿನ ಹಾಳೆಯಲ್ಲಿ ಇಂಚಿಗೆ 6 ಸಾಲಿನಂತೆ 72 ಸಾಲು. ಪ್ರಿಂಟರಿನಲ್ಲಿ ಪುಟದುದ್ದ 11 ಇಂಚೆಂದೇ ಉಳಿದಿದ್ದರೆ ಪ್ರತಿ ಬಿಲ್ಲು 6 ಸಾಲು ಮೇಲೆ ಸರಿಯುತ್ತಾ ಹೋಗುತ್ತದೆ. ಎ4 ಎಂದಿದ್ದರೆ ಸುಮಾರು 8 ಮಿಲಿಮೀಟರ್. ಮೊದಲ ಹಾಳೆ ಸರಿಯಿದ್ದು ಐದನೆಯದು ಕೆಟ್ಟರೆ ವಿನ್ಯಾಸ ತಿದ್ದಲು ಹೋಗಬೇಡಿ, ಪುಟದುದ್ದ ನೋಡಿ.