ಹೆಸರು ಓದಿ, ಆಮೇಲೆ ಪಿನ್ ಒತ್ತಿ: ಭಾರತ್ ಬಿಲ್‌ಪೇ ಬಳಸಿದ ಇಷ್ಟು ವರ್ಷಗಳ ಅನುಭವ

ಮನೆಯ ಬಿಲ್‌ಗಳನ್ನು ನಾನು 2018ರಿಂದ ಭಾರತ್ ಬಿಲ್‌ಪೇ ಮೂಲಕವೇ ಕಟ್ಟುತ್ತಿದ್ದೇನೆ. ಬೆಂಗಳೂರಿನ ನಮ್ಮ ಮನೆಯ ಬೆಸ್ಕಾಂ ಬಿಲ್, ಜಲಮಂಡಳಿಯ ನೀರಿನ ಬಿಲ್, ಬ್ರಾಡ್‌ಬ್ಯಾಂಡ್, ಜೊತೆಗೆ ಶಿವಮೊಗ್ಗದಲ್ಲಿ ಒಬ್ಬಳೇ ಇರುವ ಅಮ್ಮನ ಮೆಸ್ಕಾಂ ಬಿಲ್. ಇಷ್ಟು ವರ್ಷ ಒಂದೇ ದಾರಿ ಹಿಡಿದು ನಡೆದ ಮೇಲೆ ಅದರ ಗುಣವೂ ಗೊತ್ತಾಗುತ್ತದೆ, ಕೊರತೆಯೂ ಗೊತ್ತಾಗುತ್ತದೆ. ಎರಡನ್ನೂ ಬರೆಯುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಭಾರತ್ ಬಿಲ್‌ಪೇ ಎಂದರೆ ಒಂದು ಆ್ಯಪ್ ಅಲ್ಲ. ರಿಸರ್ವ್ ಬ್ಯಾಂಕ್ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ರಾಷ್ಟ್ರೀಯ ಪಾವತಿ ನಿಗಮ ಕಟ್ಟಿದ ಜಾಲ ಅದು. ಶುರುವಿನಲ್ಲಿ ವಿದ್ಯುತ್, ದೂರವಾಣಿ, ಡಿಟಿಎಚ್, ಗ್ಯಾಸ್, ನೀರು ಈ ಐದು ಬಗೆಯ ಬಿಲ್‌ಗಳಷ್ಟೇ ಇದ್ದವು. ಈಗ ಹೆಸರು ಭಾರತ್ ಕನೆಕ್ಟ್ ಎಂದಾಗಿದೆ, ಆದರೆ ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ನಿಮ್ಮ ಬ್ಯಾಂಕಿನ ಆ್ಯಪ್, ಫೋನಿನಲ್ಲಿರುವ ಯುಪಿಐ ಆ್ಯಪ್‌ಗಳು ಎಲ್ಲವೂ ಈ ಜಾಲಕ್ಕೆ ಬಾಗಿಲುಗಳು. ಹಾಗಾಗಿ ಯಾವ ಆ್ಯಪ್ ಒಳ್ಳೆಯದು ಎಂದು ಕೇಳುವುದಕ್ಕಿಂತ, ನನ್ನ ಹಣ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ನಾನು ಇದನ್ನು ನಂಬುವುದಕ್ಕೆ ಕಾರಣ ಒಂದೇ. ಗ್ರಾಹಕ ಸಂಖ್ಯೆ ಹಾಕಿದೊಡನೆ ವಿದ್ಯುತ್ ಕಂಪನಿಯ ದಾಖಲೆಯಿಂದಲೇ ಬಿಲ್ ಬಂದು ಎದುರಿಗೆ ನಿಲ್ಲುತ್ತದೆ: ಹೆಸರು, ಮೊತ್ತ, ಕೊನೆಯ ದಿನಾಂಕ. ಮೊತ್ತವನ್ನು ಯಾರೋ ಫೋನಿನಲ್ಲಿ ಹೇಳಿದ್ದಲ್ಲ, ನಾನು ಟೈಪ್ ಮಾಡಿದ್ದೂ ಅಲ್ಲ. ಹಣವೂ ಆ ಸಂಸ್ಥೆಗೇ ಹೋಗುತ್ತದೆ, ಯಾವುದೋ ಮೊಬೈಲ್ ಸಂಖ್ಯೆಗಲ್ಲ.

ಇದರ ಬೆಲೆ ನನಗೆ ನಿಜವಾಗಿ ಅರಿವಾದದ್ದು 2022ರಲ್ಲಿ. ಒಂದು ಸಂಜೆ ಅಮ್ಮ ಫೋನ್ ಮಾಡಿದಳು, ದನಿ ನಡುಗುತ್ತಿತ್ತು. "ಬಿಲ್ ಕಟ್ಟಿಲ್ಲವೇನೋ? ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ತೆಗೆಯುತ್ತಾರಂತೆ. ಅಧಿಕಾರಿಯ ನಂಬರ್ ಕೊಟ್ಟಿದ್ದಾರೆ, ಮಾತನಾಡಲೇ?" ಹಿಂದಿನ ತಿಂಗಳ ಪಾವತಿ ದಾಖಲಾಗಿಲ್ಲ ಎಂಬ ಆ ಸಂದೇಶ ಆಗ ದೇಶದ ತುಂಬ ಓಡಾಡುತ್ತಿತ್ತು. ವಂಚಕರು ಆ ಸಂಖ್ಯೆಗೆ ಕರೆ ಮಾಡಿದವರಿಂದ ಪರದೆ ಹಂಚುವ ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಿ ನೋಡಿ ಎಂದು ಹೇಳಿ, ಪಿನ್ ಒತ್ತುವುದನ್ನು ನೋಡಿಕೊಂಡು ಖಾತೆ ಬರಿದು ಮಾಡುತ್ತಿದ್ದರು. ನಾನು ಅಮ್ಮನನ್ನು ಫೋನಿನಲ್ಲೇ ಇರಿಸಿಕೊಂಡು ಅವಳ ಗ್ರಾಹಕ ಸಂಖ್ಯೆ ಹಾಕಿದೆ. ಬಾಕಿ ಇಲ್ಲ ಎಂದು ಬಂತು. ನಾಲ್ಕು ದಿನದ ಹಿಂದೆಯೇ ಕಟ್ಟಿದ್ದೆ. ಅರ್ಧ ನಿಮಿಷದ ಕೆಲಸ, ಆದರೆ ಆ ಅರ್ಧ ನಿಮಿಷ ಸಿಕ್ಕದೆ ಎಷ್ಟು ಮನೆಗಳ ಉಳಿತಾಯ ಹೋಯಿತೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅಮ್ಮನ ಬಿಲ್ ಸೊನ್ನೆ. ಆದರೂ ಒಮ್ಮೆ ಅಂಥದೇ ಸಂದೇಶ ಬಂದಿತ್ತು.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಇದೆ. ಸಂದೇಶದಲ್ಲಿ ಬಂದ ಲಿಂಕಿನಿಂದ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲಿನಿಂದ, ಗೂಗಲ್‌ನಲ್ಲಿ ಹುಡುಕಿ ಸಿಕ್ಕ "ಗ್ರಾಹಕ ಸೇವೆ" ಸಂಖ್ಯೆಯಿಂದ ಯಾವ ಬಿಲ್ಲನ್ನೂ ಕಟ್ಟುವುದಿಲ್ಲ. ಬಾಕಿ ಇದೆಯೆಂದು ಯಾರೇ ಹೇಳಲಿ, ನಾವೇ ಆ್ಯಪ್ ತೆರೆದು ನೋಡುತ್ತೇವೆ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ ಎಂಬುದನ್ನಂತೂ ಅಮ್ಮ ಅಕ್ಕಪಕ್ಕದವರಿಗೂ ಹೇಳಿಕೊಡುತ್ತಾಳೆ.

ಇನ್ನು ನನ್ನ ತಪ್ಪು. ಮನೆ ಬದಲಿಸಿದ ವರ್ಷ ಹೊಸ ಗ್ರಾಹಕ ಸಂಖ್ಯೆಯಲ್ಲಿ ಒಂದು ಅಂಕಿ ಅದಲುಬದಲು ಮಾಡಿದೆ. ಪರದೆಯ ಮೇಲೆ ಬೇರೆ ಯಾರದೋ ಹೆಸರು ಸ್ಪಷ್ಟವಾಗಿ ಬಂದಿತ್ತು. ಮೊತ್ತ ಮಾತ್ರ ನೋಡಿ ಪಿನ್ ಒತ್ತಿದೆ. ಗುರುತಿಲ್ಲದ ಒಂದು ಮನೆಯ 1,140 ರೂಪಾಯಿ ಬಿಲ್ ನನ್ನ ಹಣದಿಂದ ತೀರಿತು. ಯಶಸ್ವಿಯಾದ ಪಾವತಿಯನ್ನು ಹಿಂದಕ್ಕೆ ಪಡೆಯಲು ಆ್ಯಪ್‌ನಲ್ಲಿ ದಾರಿ ಇರಲಿಲ್ಲ. ಉಪವಿಭಾಗದ ಕಚೇರಿಗೆ ರಸೀದಿಯೊಂದಿಗೆ ಅರ್ಜಿ ಕೊಟ್ಟು ಮೂರು ಸಲ ಅಲೆದ ಮೇಲೆ ಮೊತ್ತ ನನ್ನ ಖಾತೆಗೆ ಹೊಂದಾಣಿಕೆಯಾಯಿತು. ವ್ಯವಸ್ಥೆ ಹೆಸರು ತೋರಿಸಬಲ್ಲದು, ಓದಬೇಕಾದವನು ನಾನು.

ಎರಡನೆಯ ತೊಂದರೆ ಹಣ ಕಡಿತವಾಗಿ ಬಿಲ್ ಬಾಕಿಯೇ ಉಳಿಯುವುದು. ನನಗೆ ಹೀಗೆ ನಾಲ್ಕು ಬಾರಿ ಆಗಿದೆ. ಮೊದಲ ಬಾರಿ ಗಾಬರಿಯಿಂದ ಮತ್ತೊಮ್ಮೆ ಕಟ್ಟಿಬಿಟ್ಟೆ, ಆಮೇಲೆ ಎರಡೂ ಪಾವತಿ ಜಮೆಯಾಗಿ ಮುಂದಿನ ತಿಂಗಳಿಗೆ ಮುಂಗಡವಾಯಿತು. ಈಗ ಕಾಯುತ್ತೇನೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ವ್ಯಾಪಾರಿ ಸಂಸ್ಥೆಗೆ ಕಟ್ಟಿದ ಹಣ ಕಡಿತವಾಗಿಯೂ ಅಲ್ಲಿಗೆ ತಲುಪದಿದ್ದರೆ ವಹಿವಾಟಿನ ನಂತರದ ಐದು ದಿನಗಳೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹೀಗಿರುವುದರಿಂದ ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಕಟ್ಟುವ ಅಭ್ಯಾಸ ಮಾಡಿಕೊಂಡಿದ್ದೇನೆ. ವಹಿವಾಟಿನ ಸಂಖ್ಯೆಯಿರುವ ರಸೀದಿಯನ್ನು ಉಳಿಸಿಕೊಳ್ಳುತ್ತೇನೆ, ಅದಿಲ್ಲದೆ ದೂರು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಬೇಸರದ ಸಂಗತಿಯೆಂದರೆ ನನಗೆ ಬಂದ ದೂರಿನ ಉತ್ತರಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಅಮ್ಮನಂಥವರು ಅದನ್ನು ಓದಿ ಏನು ಮಾಡಬೇಕು?

ಬಾಗಿಲುಗಳಲ್ಲಿ ನಾನು ಆರಿಸಿಕೊಂಡದ್ದು ಬ್ಯಾಂಕಿನ ಸ್ವಂತ ಆ್ಯಪ್. ಮೊದಲು ಎರಡು ವರ್ಷ ಬೇರೊಂದು ಜನಪ್ರಿಯ ಆ್ಯಪ್ ಬಳಸಿದ್ದೆ. ಕ್ಯಾಶ್‌ಬ್ಯಾಕ್ ಆಸೆ ತೋರಿಸುತ್ತಿದ್ದ ಅದು ಬರಬರುತ್ತಾ ಪ್ರತಿ ಬಿಲ್ಲಿಗೂ ಸಣ್ಣ ಶುಲ್ಕ ಸೇರಿಸತೊಡಗಿತು. ಸಾಲದ ಜಾಹೀರಾತುಗಳ ನಡುವೆ ಬಿಲ್ ಕಟ್ಟುವ ಗುಂಡಿ ಹುಡುಕಬೇಕಾಯಿತು. ಬ್ಯಾಂಕಿನ ಆ್ಯಪ್ ನೋಡಲು ಚೆನ್ನಾಗಿಲ್ಲ, ನಿಧಾನ ಕೂಡ. ಆದರೆ ಏನಾದರೂ ಹೆಚ್ಚುಕಡಿಮೆಯಾದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಕೂರಬಹುದು. ಬಿಲ್‌ಗಳಿಗೆಂದೇ ಬೇರೆ ಉಳಿತಾಯ ಖಾತೆ ಇಟ್ಟು, ಸಂಬಳದ ಖಾತೆಯಿಂದ ತಿಂಗಳಿಗೆ ಬೇಕಾದಷ್ಟನ್ನೇ ಅದಕ್ಕೆ ಹಾಕುತ್ತೇನೆ. ಇಷ್ಟು ವರ್ಷಗಳಲ್ಲಿ ಮಾಡಿದ ಅತ್ಯುತ್ತಮ ಏರ್ಪಾಡು ಇದೇ ಎಂದು ನನ್ನ ಅನಿಸಿಕೆ.

ಆಟೋಪೇ, ಅಂದರೆ ಹಣ ತಾನಾಗಿ ಕಡಿತವಾಗುವ ಏರ್ಪಾಡನ್ನು, ಬ್ರಾಡ್‌ಬ್ಯಾಂಡಿಗೆ ಮಾತ್ರ ಹಾಕಿದ್ದೇನೆ, ಏಕೆಂದರೆ ಮೊತ್ತ ಬದಲಾಗುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರುತ್ತದೆ. ನೀರು, ವಿದ್ಯುತ್ತಿಗೆ ಹಾಕಿಲ್ಲ. ಒಮ್ಮೆ ಮೀಟರ್ ರೀಡಿಂಗ್ ತಪ್ಪಿ ನೀರಿನ ಬಿಲ್ ಮೂರು ಪಟ್ಟು ಬಂದಿತ್ತು. ಕಟ್ಟುವ ಮೊದಲೇ ಕಣ್ಣಿಗೆ ಬಿದ್ದದ್ದರಿಂದ ತಿದ್ದಿಸಿಕೊಂಡೆ.

ಮೋಸ ಹೋದವರಿಗೆ ಒಂದು ಮಾತು: ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. 2017ರ ರಿಸರ್ವ್ ಬ್ಯಾಂಕ್ ನಿಯಮದಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪಿನ್ ಅಥವಾ ಒಟಿಪಿಯನ್ನು ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮ ಮೇಲೆಯೇ ಬೀಳುತ್ತದೆ. ಅದಕ್ಕೇ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಬಡಾವಣೆಯ ನಿವಾಸಿಗಳ ಸಂಘ ಈ ಜಾಲಕ್ಕೆ ಇನ್ನೂ ಸೇರಿಲ್ಲ. ಹಾಗಾಗಿ ಸಂಘದ ವಂತಿಗೆಯೊಂದು ಹೊರಗೇ ಉಳಿದಿದೆ. ಗುಂಪಿನಲ್ಲಿ ಯಾರೋ ಹಾಕುವ ಕ್ಯೂಆರ್ ಚಿತ್ರಕ್ಕೆ ಹಣ ಕಳಿಸಲು ನನಗೆ ಧೈರ್ಯವಿಲ್ಲ. ಸಂಘದ ಖಾತೆಯನ್ನು ಬ್ಯಾಂಕಿನಲ್ಲಿ ನೋಂದಾಯಿಸಿ ನೆಫ್ಟ್, ಅಂದರೆ ಖಾತೆಯಿಂದ ಖಾತೆಗೆ ವರ್ಗಾವಣೆ, ಮಾಡುತ್ತೇನೆ. ಮೊದಲ ಸಲ ಒಂದು ರೂಪಾಯಿ ಕಳಿಸಿ, ಬಂತೇ ಎಂದು ಖಜಾಂಚಿಯವರನ್ನು ಕೇಳಿದ್ದೆ. 2025ರಿಂದ ಹೊಸ ಖಾತೆ ಸೇರಿಸುವಾಗ ಪಡೆಯುವವರ ಹೆಸರನ್ನು ಬ್ಯಾಂಕೇ ತೋರಿಸುವ ಸೌಲಭ್ಯ ಬಂದಿದೆ. ಈ ವರ್ಷ ಸಂಘ ಖಾತೆ ಬದಲಿಸಿದಾಗ ಆ ಹೆಸರನ್ನು ಎರಡು ಸಲ ಓದಿದ ಮೇಲೆಯೇ ಹಣ ಕಳಿಸಿದೆ.